ಉಲ್ಟಾ ಮಾಡಿ ಗುಣಿಸು

ಮೂರು ದಿನದ ತರಬೇತಿ, ಬಾದಾಮಿಯ ಬಿಆರ್‌ಸಿ ಹಾಲಿನಾಗ.
ಗುಳೇದಗುಡ್ಡದಿಂದ ಏಳೂವರಿ ಬಸ್ಸಿಗೆ ನಿಂತೇ ಬಂದೆ,
ಚೀಲದಾಗ ಬುತ್ತಿ, ಓಓಡಿ ಪತ್ರ, ಮೊಮ್ಮಗಳ ಕತ್ರಿ.
ಕತ್ರಿ ತರಬೇಕಂತ ಗ್ರೂಪಿನಾಗ ಬಂದಿತ್ತು,
ಯಾಕ ಅಂತ ಬಂದಿರಲಿಲ್ಲ.

ಸಹಿ ಮಾಡಿದಿವಿ. ನೀಲಿ ಫೈಲು ಕೊಟ್ರು, ಬರೀಲಾರದ ಪೆನ್ನು.
ನಲವತ್ತು ಮಂದಿ ಗಣಿತ, ವಿಜ್ಞಾನದವರು
ಹಿಂದಿನ ಬೆಂಚಿಗೇ ಮೊದಲು ಓಡಿದಿವಿ.
ಫ್ಯಾನಿನ ಬುಡಕ ಜಾಗಾ ಹಿಡಿಯೂದರಾಗ
ಹುಚ್ಚೇಶ ಮಾಸ್ತರಗ ಮೂವತ್ತು ವರ್ಷದ ಅನುಭವ.

ಸಂಪನ್ಮೂಲ ವ್ಯಕ್ತಿ ಅಂತ ಬಂದಾಕಿ ಮುಧೋಳದ ಹುಡುಗಿ,
ಸುರೇಖಾ ಬಡಿಗೇರ. ನನ್ನ ಮಗಳಿಗಿಂತ ಸಣ್ಣಾಕಿ.
ಬೋರ್ಡಿನ ಮ್ಯಾಲ ಇಷ್ಟ ಬರದ್ಲು:
ಮುಕ್ಕಾಲು ಭಾಗಿಸು ಅರ್ಧ.

"ಉಲ್ಟಾ ಮಾಡಿ ಗುಣಿಸಬೇಕು!" ನಲವತ್ತೂ ಬಾಯಿ ಒಮ್ಮೆಲೆ,
ಅದರಾಗ ನಂದ ಎಲ್ಲಾರಕಿಂತ ಗಟ್ಟಿ.
"ಒಂದೂವರಿ," ಅಂದೆ.
"ಖರೆ," ಅಂದ್ಲು. ಆಮ್ಯಾಲೆ, ಸಣ್ಣಗ,
"ಯಾಕ್ರಿ?"

ಫ್ಯಾನು ಕಟಕಟ ಅನ್ನೂದು ಆವಾಗ ಕೇಳಿಸ್ತು.
"ಪುಸ್ತಕದಾಗ ಹಂಗ ಐತ್ರಿ," ಅಂದ್ರು ಹುಚ್ಚೇಶ ಮಾಸ್ತರ.
ದಿಲಶಾದ ಟೀಚರು ನಕ್ರು, ನಕ್ಕು, ಪೆನ್ನು ಜಾಡಿಸಿ ನೋಡಿದ್ರು.

ಇಪ್ಪತ್ತಾರು ವರ್ಷ ನಾ ಭಿನ್ನರಾಶಿಗಳನ್ನ
ಕಾಲು ಮ್ಯಾಲ ಮಾಡಿ ನಿಂದರಿಸೇನಿ.
ಯಾಕ ಅಂತ ನನಗ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಕೇಳಿದವ ಒಬ್ಬ ಇದ್ದ.

ಬನಪ್ಪ. ಆರನೇ ಇಯತ್ತೆ, ಕಿಡಕಿ ಕಡೆಯಿಂದ ಮೂರನೆಯವ.
ಮನ್ಯಾಗ ಎರಡು ಮಗ್ಗ, ಕೂದಲಾಗ ಯಾವಾಗಲೂ ಒಂದೆರಡು ಎಳಿ.
"ಟೀಚರ್, ಭಾಗ ಮಾಡಿದ್ರ ಕಡಿಮಿ ಆಗಬೇಕಲ್ರಿ?
ಮುಕ್ಕಾಲು ಇದ್ದದ್ದು ಒಂದೂವರಿ ಹೆಂಗಾತು?"
ಹುಡುಗರು ನಕ್ಕರು. ನನಗ ಸಿಟ್ಟು ಬಂತು,
ನಕ್ಕಿದ್ದು ಅವಂಗೋ ನನಗೋ ತಿಳೀಲಿಲ್ಲ.
"ಹೇಳಿದಷ್ಟ ಮಾಡು," ಅಂದೆ. ಬಾಗಲದ ಹೊರಗ ನಿಂದರಿಸಿದೆ.
ಗಂಟಿ ಹೊಡಿಯೂತನಕ ಅವ ಅಲ್ಲಿ
ಗೇಣು ಹಾಕಿ ಗ್ವಾಡಿ ಅಳೀತಿದ್ದ.

"ಕತ್ರಿ ತಗೀರಿ," ಅಂದ್ಲು ಸುರೇಖಾ.
ಒಂದು ಕಾಗದದ ಪಟ್ಟಿ ಮುಕ್ಕಾಲಿಗೆ ಕತ್ತರಿಸಿದೆ.
ಅದರ ಮ್ಯಾಲ ಅರ್ಧದ ತುಂಡು ಇಟ್ಟೆ. ಒಮ್ಮೆ ಪೂರಾ ಕೂತಿತು.
ಉಳಿದ ಜಾಗಾಕ್ಕ ಅದರದ ಅರ್ಧ ಸಾಕು.
ಒಂದೂವರಿ ಸಲ.
ಸಲ!
ಇಷ್ಟು ವರ್ಷ ನುಂಗಿಬಿಟ್ಟಿದ್ದೆ ಆ ಒಂದು ಶಬ್ದ.
ಒಂದರಾಗ ಅರ್ಧ ಎರಡು ಸಲ, ಮುಕ್ಕಾಲಿನಾಗ ಆ ಎರಡರ ಮುಕ್ಕಾಲು.
ಉಲ್ಟಾ ಅನ್ನೂದು ಇಷ್ಟ ಇತ್ತು.
ನಮ್ಮೂರ ಖಣದ ಅಂಗಡ್ಯಾಗ ಗಜಕಡ್ಡಿ ಹಿಡಿದವರು
ದಿನಾ ಅಂತಾರ, "ಮುಕ್ಕಾಲು ಉಳದೈತ್ರಿ,
ಅರ್ಧದ್ದೊಂದು ತುಂಡು ಬರತೈತಿ, ಉಳಿದದ್ದು ತೋಳಿಗಾದೀತು."
ಬನಪ್ಪಗ ನಾ ಇಷ್ಟು ಅಂದಿದ್ರ ಮುಗೀತಿತ್ತು.

ಊಟದಾಗ ಮಂಗ ಬಂದು
ದಿಲಶಾದ ಟೀಚರ ರೊಟ್ಟಿ ಮುಕ್ಕಾಲು ಒಯ್ದಿತು.
"ಎಷ್ಟು ಸಲ ಬಂತ್ರಿ?" ಅಂದ್ರು ಹುಚ್ಚೇಶ ಮಾಸ್ತರ.
ಎಲ್ಲಾರೂ ನಕ್ರು. ನಾ ಪಟ್ಟಿ ಮಡಚಿ
ಕನ್ನಡಕದ ಡಬ್ಬ್ಯಾಗ ಇಟಗೊಂಡೆ.

ಮೂರನೇ ದಿನ ಹಾಳಿ ಹಂಚಿದ್ರು:
"ತರಬೇತಿಯಿಂದ ನೀವು ಕಲಿತದ್ದೇನು? ಎರಡು ವಾಕ್ಯಗಳಲ್ಲಿ ಬರೆಯಿರಿ."
"ಚಟುವಟಿಕೆ ಆಧಾರಿತ ಬೋಧನೆ ಉಪಯುಕ್ತವಾಗಿತ್ತು," ಅಂತ ಬರದೆ.
ಎರಡನೇ ಸಾಲು ಖಾಲಿ ಬಿಟ್ಟೆ.
ಬನಪ್ಪ ಇಚಲಕರಂಜಿ ಕಡೆ ಹೋದ ಅಂತಾರ,
ಪಾವರ್‌ಲೂಮಿಗೆ. ಯಾರಿಗೂ ಸರಿ ಗೊತ್ತಿಲ್ಲ.
ತಿರುಗಿ ಬರೂವಾಗ ಕಂಡಕ್ಟರ ಹರದು ಕೊಟ್ಟದ್ದು
ಸೊನ್ನಿ ರೂಪಾಯಿ ಟಿಕೀಟು.

ಸೋಮವಾರ ಆರನೇ ಇಯತ್ತೆ.
ನಿಯಮ ಹೇಳಲಿಲ್ಲ. ಹಳೇ ಪೇಪರ್ ಹಂಚಿದೆ, ಕತ್ರಿ ಒಂದೇ,
ಸಾಲು ಹಚ್ಚಿ ಗದ್ದಲ ಮಾಡಿದ್ರು.
ಹೆಡ್‌ಮಾಸ್ತರು ಎರಡು ಸಲ ಇಣುಕಿ ಹೋದ್ರು.
ಆವಾಗ ಮೂಲ್ಯಾಗಿಂದ ಗೌರಮ್ಮ, ಎಂದೂ ಬಾಯಿ ಬಿಡದಾಕಿ:
"ಟೀಚರ್, ಮುಕ್ಕಾಲಿನಾಗ ಸೊನ್ನಿ ಎಷ್ಟು ಸಲ ಕೂಡತೈತ್ರಿ?"

"ಹಂಗ ಕೇಳಬಾರದು" ಅನ್ನೂದು ನಾಲಿಗಿ ತುದಿಗೆ ಬಂದಿತ್ತು.
"ತಡಿ," ಅಂದೆ, "ಇಟ್ಟು ನೋಡೂಣು."
ಸೊನ್ನಿ ಉದ್ದದ ಪಟ್ಟಿ ಕತ್ತರಿಸಾಕ
ಕತ್ರಿ ತಗೊಂಡಾಕಿ
ಹಂಗ ನಿಂತೆ.